ಹಿತ್ತಿಲಿನ ಅಂಕದ ಹುಂಜ: ಕುಲ ಪರೀಕ್ಷೆ ಮತ್ತು ಪಾಲನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅನೇಕ ಮನೆಗಳಲ್ಲಿ ಹಟ್ಟಿಯ ಕಂಬಕ್ಕೋ ತೆಂಗಿನ ಬುಡಕ್ಕೋ ಕಾಲಿಗೆ ಹಗ್ಗ ಬಿಗಿದ ಒಂದೆರಡು ಹುಂಜಗಳು ಕಾಣಸಿಗುತ್ತವೆ. ಕತ್ತು ಉದ್ದ, ನಿಲುವು ನೆಟ್ಟಗೆ. ‘ಇದು ಅಸಲಿ ಜಾತಿ’ ಎಂದು ಮಾರುವವನು ಹೇಳುತ್ತಾನೆ. ಕೊಳ್ಳುವವನು ಸಾಧಾರಣ ಹುಂಜದ ಹಲವು ಪಟ್ಟು ಬೆಲೆ ತೆರುತ್ತಾನೆ. ಮರಿಗಳು ಬೆಳೆದ ಮೇಲೆ ನೋಡಿದರೆ ಒಂದು ತಂದೆಯಂತೆ, ಇನ್ನೊಂದು ಊರ ಕೋಳಿಯಂತೆ, ಮತ್ತೊಂದು ಗಿರಿರಾಜನಂತೆ. ಕೊಟ್ಟ ಹಣ ಹೋಯಿತು, ಇದ್ದ ಹಿಂಡೂ ಕಲಬೆರಕೆಯಾಯಿತು.

ತುಳುನಾಡಿನಲ್ಲಿ ಹುಂಜಗಳನ್ನು ಹೆಸರಿಸುವುದು ಮುಖ್ಯವಾಗಿ ಬಣ್ಣದಿಂದ: ಬೊಳ್ಳೆ, ಕೆಮ್ಮೈರೆ, ನೀಲೆ ಇತ್ಯಾದಿ. ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಕುಕ್ಕುಟ ಪಂಚಾಂಗ ನೋಡುವವರೂ ಉಂಟು. ಆದರೆ ಇವು ಬಣ್ಣದ ಹೆಸರುಗಳೇ ಹೊರತು ತಳಿಯ ಹೆಸರುಗಳಲ್ಲ. ಒಂದೇ ಕಾವಿನ ಮರಿಗಳಲ್ಲಿ ಬೊಳ್ಳೆಯೂ ಕೆಮ್ಮೈರೆಯೂ ಹುಟ್ಟಬಹುದು. ಆದುದರಿಂದ ತಳಿ ಗುರುತಿಸುವಾಗ ಬಣ್ಣವನ್ನು ಬದಿಗಿಡುವುದೇ ಲೇಸು.

ಭಾರತದ ಪ್ರಸಿದ್ಧ ಕಾಳಗದ ತಳಿ ಅಸೀಲ್. ಆಂಧ್ರ, ಛತ್ತೀಸಗಡ, ಒಡಿಶಾ ಕಡೆ ಇದು ಹೆಚ್ಚು. ಆ ಅರಬ್ಬೀ ಶಬ್ದದ ಅರ್ಥವೇ ಶುದ್ಧ ಕುಲದ್ದು ಎಂದು. ಹೀಗಾಗಿ ಮಾರುವವರ ಬಾಯಲ್ಲಿ ಎಲ್ಲ ಹುಂಜವೂ ಅಸಲಿಯೇ! ನಿಜವಾದ ಅಸೀಲಿಗೆ ಗರಿ ವಿರಳ, ಮೈಗೆ ಅಂಟಿಕೊಂಡಂತಿರುತ್ತದೆ. ತೊಡೆ ಗಟ್ಟಿ, ಎದೆ ಅಗಲ, ಬಾಲ ಗಿಡ್ಡವಾಗಿ ಕೆಳಕ್ಕೆ ಇಳಿದಿರುತ್ತದೆ. ಗಲ್ಲದ ಜೋಲು ಇಲ್ಲವೆನ್ನುವಷ್ಟು ಚಿಕ್ಕದು. ಜುಟ್ಟು ಊರ ಕೋಳಿಯದರಂತೆ ಗರಗಸದ ಹಲ್ಲಾಗಿ ಎದ್ದು ನಿಲ್ಲದೆ, ಬಟಾಣಿ ಕಾಳು ಸಾಲಾಗಿ ಒತ್ತಿದಂತೆ ತಗ್ಗಾಗಿರುತ್ತದೆ.

ಈ ಬಟಾಣಿ ಜುಟ್ಟು ರೈತನ ಕೈಗೆ ಒಳ್ಳೆಯ ಪರೀಕ್ಷೆಯೊಂದನ್ನು ಕೊಡುತ್ತದೆ. ಮೆಂಡೆಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಸಾದಾ ಜುಟ್ಟಿನೆದುರು ಬಟಾಣಿ ಜುಟ್ಟು ಪ್ರಬಲ ಗುಣ. ಹುಂಜಕ್ಕೆ ಆ ಗುಣ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ, ಅದನ್ನು ಸಾದಾ ಜುಟ್ಟಿನ ಹೇಂಟೆಗೆ ಕೂಡಿಸಿದಾಗ ಮರಿಗಳೆಲ್ಲ ಬಟಾಣಿ ಜುಟ್ಟಿನವೇ, ತುಸು ಎತ್ತರವಿದ್ದರೂ. ಒಬ್ಬರಿಂದ ಮಾತ್ರ ಬಂದಿದ್ದರೆ ಸುಮಾರು ಅರ್ಧ ಮರಿಗಳಿಗೆ ಸಾದಾ ಜುಟ್ಟು. ಹತ್ತು ಮರಿಗಳಲ್ಲಿ ಒಂದಕ್ಕೆ ಸಾದಾ ಜುಟ್ಟು ಬಂದರೂ ಹುಂಜ ಬೆರಕೆಯೆಂದು ತಿಳಿಯತಕ್ಕದ್ದು. ಬೆರಕೆ ಹುಂಜ ಹತ್ತು ಮರಿಗಳಲ್ಲಿಯೂ ಸಿಕ್ಕಿಬೀಳದೆ ಉಳಿಯುವ ಸಂಭವ 1024ಕ್ಕೆ ಒಂದು. ಒಂದು ಹೇಂಟೆಯ ಒಂದು ಕಾವು, ಅಂದರೆ 21 ದಿನ, ಈ ಪರೀಕ್ಷೆಗೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ಮೂರು ವಾರ ಜೀವಂತವಾಗಿರಬಲ್ಲದು. ಹೇಂಟೆಯನ್ನು ಬೇರೆ ಹುಂಜಗಳಿಂದ ಮೂರು ವಾರ ದೂರವಿಟ್ಟು, ಆಮೇಲೆ ಪರೀಕ್ಷೆಯ ಹುಂಜದೊಡನೆ ಬಿಟ್ಟು, ಅನಂತರದ ಮೊಟ್ಟೆಗಳನ್ನೇ ಕಾವಿಗಿಡಬೇಕು. ನೆರೆಮನೆಯ ಹುಂಜ ಬೇಲಿ ಹಾರಿ ಬರುವ ಹಿತ್ತಿಲಿನಲ್ಲಿ ಇದು ಸುಲಭವಲ್ಲ. ಬಲೆ ಹಾಕಿದ ಗೂಡು ಬೇಕೇ ಬೇಕು. ಜುಟ್ಟು ಒಂದೇ ಗುಣವಾದ್ದರಿಂದ ಪರೀಕ್ಷೆಯಲ್ಲಿ ಗೆದ್ದ ಹುಂಜ ಪೂರ್ಣ ಶುದ್ಧವೆಂದೇನೂ ಅಲ್ಲ, ಆದರೆ ಸೋತದ್ದು ಖಂಡಿತ ಶುದ್ಧವಲ್ಲ.

ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಲ್ಲಿ ‘ಇದಕ್ಕೆ ಕಾಡುಕೋಳಿಯ ರಕ್ತವಿದೆ’ ಎಂಬ ಮಾತೂ ಕೇಳಬಹುದು. ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಗಳ ಮೇಲೆ ಮೇಣದ ಹನಿಯಂತಹ ಚುಕ್ಕೆಗಳಿರುತ್ತವೆ. ಅದರ ಸುಳಿವೇ ಇಲ್ಲದ ಹುಂಜದ ಬಗ್ಗೆ ಈ ಮಾತನ್ನು ನಂಬಲು ಆಧಾರವಿಲ್ಲ. ಕಾಡುಕೋಳಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹುಂಜಕ್ಕೆ ಸಾವಿರಾರು ರೂಪಾಯಿ ಸುರಿಯುವ ಮನೆಯಲ್ಲೇ ಹೇಂಟೆಯನ್ನು ಯಾರೂ ಕೇಳುವುದಿಲ್ಲ. ಮರಿಯ ಅರ್ಧ ಗುಣ ಹೇಂಟೆಯದು. ಗಿರಿರಾಜ ಬೆರೆತ ಹೇಂಟೆ ಮೊಟ್ಟೆ ಹೆಚ್ಚು ಇಟ್ಟರೂ ಕಾವಿಗೆ ಕೂರುವುದು ಅನುಮಾನ. ಅಸೀಲ್ ಬೆರೆತದ್ದು ಚೆನ್ನಾಗಿ ಕೂರುತ್ತದೆ, ಆದರೆ ಮೊಟ್ಟೆ ಕಡಿಮೆ. ಮನೆಗೆ ಮೊಟ್ಟೆ ಬೇಕೆನ್ನುವವರು ನಾಲ್ಕೈದು ಒಳ್ಳೆಯ ಊರ ಹೇಂಟೆಗಳನ್ನು ಬೆರಕೆಯಾಗದಂತೆ ಬೇರೆ ಇಡುವುದು ಒಳ್ಳೆಯದು.

ಕಾಳಗದ ಕುಲದ ಹುಂಜಮರಿಗಳು ಮೂರು ನಾಲ್ಕು ತಿಂಗಳಿಗೇ ಪರಸ್ಪರ ಕಾದಾಡತೊಡಗುವುದರಿಂದ ಅಷ್ಟರೊಳಗೆ ಬೇರ್ಪಡಿಸಬೇಕು. ಕಟ್ಟಿಹಾಕಿದ ಹುಂಜಕ್ಕೆ ಹುಳು, ಹಸಿರು ತಾನಾಗಿ ಸಿಗದು. ಭತ್ತ, ನುಚ್ಚಿನ ಜೊತೆಗೆ ಗೆದ್ದಲು, ಸೊಪ್ಪು ಕೊಡಬೇಕು. ಸಾಕುವುದಕ್ಕೆ ಅಡ್ಡಿಯಿಲ್ಲ, ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಹಲವು ಊರ ಹುಂಜಗಳು ಸೇರುವ ಅಂಕದ ಕಳದಿಂದ ಕೊಕ್ಕರೆ ರೋಗ ಮನೆಗೆ ಬರುವುದೂ ಸುಲಭ. ಎಲ್ಲಿಂದ ತಂದ ಹುಂಜವನ್ನೇ ಆಗಲಿ ಮೂರು ವಾರ ಹಿಂಡಿನಿಂದ ದೂರ ಕಟ್ಟಬೇಕು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಲಸೋಟ ಅಥವಾ ಎಫ್-1 ಹನಿ, ಎಂಟನೆಯ ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯ ಬುಡ್ಡಿ ಒಡೆದ ಮೇಲೆ ಇಟ್ಟು ಬಳಸುವಂತಿಲ್ಲವಾದ್ದರಿಂದ ನಾಲ್ಕಾರು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಹತ್ತಿರದ ಪಶು ಆಸ್ಪತ್ರೆಯವರನ್ನು ಕಾಣುವುದು ಅನುಕೂಲ.