ಮಸ್ಟ್ಯಾಂಗ್‌ಗೊಂದು ಹೊಸ ಶಾಫ್ಟ್

ಅಮೆರಿಕದ ಫೋರ್ಡ್ ಮಸ್ಟ್ಯಾಂಗ್ ಪ್ರಿಯರು ಎಂಜಿನ್‌ಗೆ ಸೂಪರ್‌ಚಾರ್ಜರ್ ಕೂರಿಸಿ, ಅಗಲದ ಟೈರ್ ಹಾಕಿಸಿ, ಆಮೇಲೆ ಕಾರಿನ ಅಡಿಗೆ ಇಣುಕುತ್ತಾರೆ. ಗೇರ್‌ಬಾಕ್ಸಿನ ಬಲವನ್ನು ಹಿಂದಿನ ಆಕ್ಸಲ್‌ಗೆ ಮುಟ್ಟಿಸುವ ಡ್ರೈವ್‌ಶಾಫ್ಟ್ ಇರುವುದು ಅಲ್ಲಿ. ನಮ್ಮ ಲಾರಿಗಳ ಪ್ರೊಪೆಲ್ಲರ್ ಶಾಫ್ಟೂ ಇದೇ ಕುಲದ್ದು. ಇಂಥ ಶಾಫ್ಟಿನ ತುದಿಯ ಜಾಯಿಂಟನ್ನು ಕಾರಿಗೆ ಒಗ್ಗಿಸಿ 1903ರಲ್ಲಿ ಪೇಟೆಂಟ್ ಪಡೆದವರು ಕಾರ್ನೆಲ್‌ನಲ್ಲಿ ಓದಿದ ಕ್ಲಾರೆನ್ಸ್ ಸ್ಪೈಸರ್. ಅವರು ಕಟ್ಟಿದ ಕಂಪನಿಯೇ ವಾಹನಗಳ ಬಿಡಿಭಾಗ ಮಾಡುವ ಇಂದಿನ ಡಾನಾ.

2005ರಿಂದ 2014ರವರೆಗಿನ ಮಸ್ಟ್ಯಾಂಗ್ ಜಿಟಿಗೆ ಕಾರ್ಖಾನೆ ಕೊಟ್ಟಿದ್ದು ನಡುವೆ ಬೇರಿಂಗ್ ಇರುವ, ಎರಡು ತುಂಡಿನ ಉಕ್ಕಿನ ಶಾಫ್ಟ್. ಭಾರ ಹೆಚ್ಚು, ಸದ್ದು ಕಡಿಮೆ. ಇದನ್ನು ಬಿಚ್ಚಿ ಹೆಚ್ಚುಕಡಿಮೆ ಅರ್ಧ ತೂಕದ ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಹಾಕಿಸುವುದು ಅಲ್ಲಿನ ರೂಢಿ. ಹಾರ್ಸ್‌ಪವರ್ ಜಿಗಿಯುತ್ತದೆ ಎನ್ನುವ ಮಾರಾಟಗಾರರ ಮಾತನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ. ಸಣ್ಣ ವ್ಯಾಸದ ಕೊಳವೆಯ ಭಾರ ಇಳಿಸಿದರೆ ಸಿಗುವ ಲಾಭವೂ ಸಣ್ಣದೇ.

ನಿಜವಾಗಿ ನೋಡಬೇಕಾದದ್ದು ಕ್ರಿಟಿಕಲ್ ಸ್ಪೀಡ್. ಪ್ರತಿ ಶಾಫ್ಟಿಗೂ ಒಂದು ವೇಗವಿದೆ. ಅದನ್ನು ಮುಟ್ಟಿದರೆ ನಡು ಹೊರಕ್ಕೆ ಬಾಗಿ ಹಗ್ಗದಾಟದ ಹಗ್ಗದಂತೆ ಸುತ್ತತೊಡಗುತ್ತದೆ, ಮುರಿಯುವುದೂ ಉಂಟು. ಕೊಳವೆ ದಪ್ಪಗಾದಷ್ಟೂ ಈ ಮಿತಿ ಮೇಲೇರುತ್ತದೆ. ಉದ್ದ ಎರಡು ಪಟ್ಟಾದರೆ ಮಿತಿ ಕಾಲುಭಾಗಕ್ಕೆ ಕುಸಿಯುತ್ತದೆ. ಹಾಗಾಗಿ ಒಂದೇ ತುಂಡಿನ ಶಾಫ್ಟ್ ದಪ್ಪಗಿರಲೇಬೇಕು. ಆಕ್ಸಲ್‌ನ ಗೇರ್ ಬದಲಿಸಿದವರು ಈ ಲೆಕ್ಕವನ್ನೇ ಮರೆಯುತ್ತಾರೆ. 66 ಸೆಂ.ಮೀ. ವ್ಯಾಸದ ಟೈರ್ ಇರುವ ಕಾರು ಗಂಟೆಗೆ 250 ಕಿ.ಮೀ. ಓಡುವಾಗ, 3.31ರ ಗೇರ್ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 3.31 ಸುತ್ತು) ಇದ್ದರೆ ಶಾಫ್ಟ್ ನಿಮಿಷಕ್ಕೆ ಸುಮಾರು 6,650 ಸುತ್ತು ತಿರುಗುತ್ತದೆ, 3.73ರ ಗೇರ್ ಹಾಕಿದರೆ ಸುಮಾರು 7,500. ಕಾರಿನ ವೇಗ ಅದೇ, ಶಾಫ್ಟಿನ ಪಾಡು ಬೇರೆ.

ಶಾಫ್ಟಿಗೆ ಕಾರ್ಬನ್ ಫೈಬರನ್ನೂ ಬಳಸುತ್ತಾರೆ. ಅದು ಹಗುರವೂ ಹೌದು, ಬಿಗಿಯೂ ಹೌದು. 662 ಹಾರ್ಸ್‌ಪವರ್‌ನ 2013ರ ಶೆಲ್ಬಿ ಜಿಟಿ500 ಕಾರನ್ನು ಗಂಟೆಗೆ 320 ಕಿ.ಮೀ. ದಾಟಿಸಲು ಹೊರಟ ಫೋರ್ಡ್ ಸ್ವತಃ ಇದನ್ನೇ ಆರಿಸಿಕೊಂಡಿತು. ಆದರೆ ದುಬಾರಿ, ಕಲ್ಲೇಟಿಗೆ ಅಂಜುತ್ತದೆ. ಊರೊಳಗೆ ಓಡಾಡುವ ಕಾರಿಗೆ ಅಲ್ಯೂಮಿನಿಯಂ ಸಾಕು. ಡ್ರ್ಯಾಗ್ ರೇಸಿನ ನೇರ ಪಟ್ಟಿಯ ಮೇಲೆ ಕ್ಲಚ್ ಬಿಟ್ಟು ಜಿಗಿಸುವವರಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಕ್ರೋಮೋಲಿ ಉಕ್ಕೇ ವಾಸಿ.

ಹಳೆಯ ಕಾರಿಗೆ ಅಳತೆ ಕೊಟ್ಟು ಮಾಡಿಸುವುದಾದರೆ, ಕಾರಿನ ಭಾರ ಚಕ್ರಗಳ ಮೇಲೇ ಇರುವಾಗ ಅಳೆಯಿರಿ. ಜಾಕ್ ಮೇಲೆ ಆಕ್ಸಲ್ ಜೋತುಬಿದ್ದರೆ ಅಳತೆ ಸುಳ್ಳಾಗುತ್ತದೆ. ಕೆಲಸ ಬಲ್ಲ ಡ್ರೈವ್‌ಲೈನ್ ಅಂಗಡಿ ಬೆಲೆ ಹೇಳುವ ಮೊದಲೇ ಟೈರ್, ಗೇರ್, ಗರಿಷ್ಠ ವೇಗ ಕೇಳುತ್ತದೆ. ಬೆಸುಗೆಯಾದ ಮೇಲೆ ಶಾಫ್ಟನ್ನು ಯಂತ್ರದಲ್ಲಿ ತಿರುಗಿಸಿ, ಸಣ್ಣ ತೂಕದ ಬಿಲ್ಲೆ ಅಂಟಿಸಿ ಬ್ಯಾಲೆನ್ಸ್ ಮಾಡುತ್ತದೆ. ಇವೇನನ್ನೂ ಕೇಳದ ಅಂಗಡಿಯಿಂದ ಕೊಳ್ಳಬೇಡಿ.

ಶಾಫ್ಟಿನ ಮುಂಭಾಗದ ಜಾಯಿಂಟ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ನಾಟಿ ಕಾರನ್ನೇ ಎತ್ತಿಬಿಡಬಹುದು. ಅದನ್ನು ತಡೆಯಲು ಶಾಫ್ಟಿನ ಸುತ್ತ ಉಕ್ಕಿನ ಬಳೆಯೊಂದನ್ನು ಬಿಗಿಯುತ್ತಾರೆ. ಗೀರುಗಳಿಲ್ಲದ ನುಣುಪಾದ ಸ್ಲಿಕ್ ಟೈರ್ ಹಾಕಿದ ವೇಗದ ಕಾರುಗಳಿಗೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಇದನ್ನು ಕಡ್ಡಾಯ ಮಾಡಿದೆ. ರೇಸಿಗೆ ಹೋಗದಿದ್ದರೂ ಶಾಫ್ಟ್ ಬದಲಿಸುವ ದಿನವೇ ಹಾಕಿಸಿಬಿಡಿ.