ಹೆಸರು ಎತ್ತಿದವರೆಷ್ಟು, ಕೊಂಡವರೆಷ್ಟು

2023ರ ಏಪ್ರಿಲ್ 5ರಂದು ಅಮುಲ್, ಬೆಂಗಳೂರಿಗೆ ಹಾಲು-ಮೊಸರು ತರುತ್ತೇವೆಂದು ಟ್ವೀಟ್ ಮಾಡಿತು. ವಿಧಾನಸಭೆ ಚುನಾವಣೆ ಹೊಸ್ತಿಲಲ್ಲಿತ್ತು. ಕರ್ನಾಟಕದ್ದೇ ಹಾಲಿನ ಬ್ರ್ಯಾಂಡ್ ನಂದಿನಿಯ ಪರವಾಗಿ ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಹ್ಯಾಷ್‌ಟ್ಯಾಗ್‌ಗಳು ಎಲ್ಲೆಡೆ ಹಬ್ಬಿದವು. ಸೋಷಿಯಲ್ ಮೀಡಿಯಾದಲ್ಲಿ ಯಾವ ಬ್ರ್ಯಾಂಡಿನ ಹೆಸರು ಎಷ್ಟು ಸಲ ಬಂತೆಂದು ಎಣಿಸುವುದು ನನ್ನ ಕೆಲಸ. ಬರೀ ಎಣಿಕೆ ಹಿಡಿದರೆ ಆ ವಾರ ಎರಡೂ ಬ್ರ್ಯಾಂಡಿಗೆ ಸುಗ್ಗಿ. ಆದರೆ ಅಮುಲ್ ಹೆಸರು ಎತ್ತಿದವರಲ್ಲಿ ‘ಬೇಡ’ ಎಂದವರೇ ದಂಡಿ.

ಅದಕ್ಕೇ ಪ್ರತಿ ಮಾತನ್ನೂ ಹೊಗಳಿಕೆಯೋ ತೆಗಳಿಕೆಯೋ ಎಂದು ಬೇರ್ಪಡಿಸಬೇಕು. ಸಾಫ್ಟ್‌ವೇರ್ ಇದನ್ನು ಮಾಡುತ್ತದೆ, ನಿಜ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಅದರಲ್ಲೂ ನಮ್ಮ ಗದಗ ಕಡೆಯ ಕೊಂಕು ಅದಕ್ಕೆ ದಕ್ಕದು. ‘ಭಾರಿ ಮಾಡೀರಿ ಬಿಡ್ರಿ’ ಎಂದರೆ ಹೊಗಳಿಕೆಯ ಖಾತೆಗೇ ಬರೆದುಕೊಳ್ಳುತ್ತದೆ. ನಂದಿನಿ ಎಂದು ಹುಡುಕಿದರೆ ಆ ಹೆಸರಿನ ಹೆಣ್ಣುಮಕ್ಕಳ ಹುಟ್ಟುಹಬ್ಬದ ಹಾರೈಕೆಗಳೂ ಬಂದು ಕೂಡುತ್ತವೆ. ಕೂತು ಓದುವ ಕನ್ನಡದ ಮನುಷ್ಯ ಬೇಕೇ ಬೇಕು; ಕಂಪನಿಗಳು ಈ ಖರ್ಚಿಗೆ ಹಿಂಜರಿಯುವುದು ತಪ್ಪು.

ಇಂಥ ಮಾತಿನಿಂದ ಬ್ರ್ಯಾಂಡಿಗೆ ಆದ ಉಪಯೋಗ ಅಳೆಯುವುದು ಇನ್ನೂ ಕಷ್ಟ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಹಾಲನ್ನೇ ಬಳಸುತ್ತೇವೆ ಎಂದು ಸಾರಿತು. ಮಾತು ಕೃತಿಯಾದದ್ದು ಅಲ್ಲಿ ಕಾಣುತ್ತದೆ. ಆದರೆ ಆಗ ಲೀಟರ್ ಟೋನ್ಡ್ ಹಾಲು ನಂದಿನಿಯದು 39 ರೂಪಾಯಿ, ಅಮುಲ್‌ನದು 54. ಬೆಳಗಾಗೆದ್ದು ನಂದಿನಿ ಪ್ಯಾಕೆಟ್ ಒಯ್ದವರನ್ನು ಕರೆತಂದದ್ದು ಹ್ಯಾಷ್‌ಟ್ಯಾಗೋ, ಬೆಲೆಯೋ? ಗದ್ದಲಕ್ಕೆ ಮುಂಚಿನ ವಾರಗಳ ಮಾರಾಟವನ್ನೂ ಗದ್ದಲ ತಟ್ಟದ ಊರುಗಳ ಮಾರಾಟವನ್ನೂ ಪಕ್ಕಕ್ಕಿಟ್ಟು ನೋಡದೆ ಹೇಳಲಾಗದು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಹೆಸರು ಬಂದಾಗಲೂ ಮಾತು ಜೋರಾಯಿತು. ಅಂಥದ್ದರ ಫಲವನ್ನು ಮರುದಿನದ ಮಾರಾಟದಲ್ಲಿ ಹುಡುಕಬಾರದು. ಹೆಸರು ಎಷ್ಟು ಜನರ ನೆನಪಿನಲ್ಲಿ ಉಳಿಯಿತೆಂದು ತಿಂಗಳುಗಳ ಮೇಲೆ ವಿಚಾರಿಸಬೇಕು.

ಸಣ್ಣ ವ್ಯಾಪಾರಕ್ಕೂ ಇದೇ ಪ್ರಶ್ನೆ. ನಮ್ಮೂರು ಸಿಂಗಟಾಲೂರಿನಲ್ಲಿ ನಮ್ಮ ವೈನಿ, ಅಂದರೆ ಅತ್ತಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾರೆ. ವೀರಭದ್ರೇಶ್ವರನ ದರ್ಶನಕ್ಕೆ ಬಂದವರೊಬ್ಬರು ಅವರ ರೊಟ್ಟಿ ಕುರಿತು ರೀಲ್ ಹಾಕಿದರು, ಬಹಳ ಮಂದಿ ನೋಡಿದರು. “ನೋಡಿದ್ರ ಹೊಟ್ಟಿ ತುಂಬತದೇನ್ರಿ? ತಗೊಂಡಾರ ಎಷ್ಟ್ ಮಂದಿ, ಅದನ್ನ ಹೇಳ್ರಿ” ಎಂದರು ವೈನಿ. ಫೋನ್ ಮಾಡಿದವರಿಗೆಲ್ಲ ‘ನಮ್ಮ ಹೆಸರು ಯಾರು ಹೇಳಿದ್ರು?’ ಎಂದು ಕೇಳಿ ಬರೆದಿಡಲು ಹೇಳಿದೆ. ರೀಲ್ ನೋಡಿ ಫೋನ್ ಮಾಡಿದವರು ಹೆಚ್ಚಾಗಿ ರೇಟ್ ಕೇಳಿ ಇಟ್ಟರು. ಮತ್ತೆ ಮತ್ತೆ ತರಿಸಿಕೊಳ್ಳುವವರು, ಹುಬ್ಬಳ್ಳಿ-ಬೆಂಗಳೂರಿನ ಬೀಗರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಸರು ಕಂಡವರು. ಆ ಗ್ರೂಪುಗಳೊಳಗಿನ ಮಾತು ನನ್ನ ಸಾಫ್ಟ್‌ವೇರಿಗೆ ಕಾಣುವುದೇ ಇಲ್ಲ. ಬಿಲ್ ಮಾಡುವಾಗ ಇದೇ ಪ್ರಶ್ನೆ ಕೇಳಿ ಎಂದು ಈಗ ದೊಡ್ಡ ಕಂಪನಿಗಳಿಗೂ ಹೇಳುತ್ತಿದ್ದೇನೆ.