ಹಿಮ್ಮಡಿ ನೋವು: ತೋಟ ಗುತ್ತಿಗೆಗೆ ಕೊಡೋ ಮುಂಚೆ ಇದನ್ನೊಮ್ಮೆ ಓದಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆಯೋರ ಕಾಲಿನ ಬಗ್ಗೆ ಬರೀತಿದ್ದೀನಿ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂಗೆ ಆಗುತ್ತಾ? ಸ್ವಲ್ಪ ನಡೆದ ಮೇಲೆ ಕಡಿಮೆಯಾಗಿ, ಊಟಕ್ಕೆ ಕೂತು ಏಳುವಾಗ ಮತ್ತೆ ಚುಚ್ಚುತ್ತಾ? ಹಾಗಿದ್ರೆ ಮುಂದೆ ಓದಿ.

ನಾನು ತೋಟಗಾರಿಕೆ ಓದಿ, ಆರು ವರ್ಷ ಬೆಂಗಳೂರಲ್ಲಿ ಕುರ್ಚಿ ಕೆಲಸ ಮಾಡಿ, ಕೊಳಾಲ ಹೋಬಳಿಯ ನಮ್ಮೂರಿಗೆ ವಾಪಸ್ ಬಂದವನು. ಎರಡೂವರೆ ಎಕರೆ ಇದೆ. ಅಡಿಕೆ, ಬಾಳೆ, ಮಿಕ್ಕ ಜಾಗದಲ್ಲಿ ಸಾವಯವ ತರಕಾರಿ. ಬಂದ ಹೊಸದರಲ್ಲಿ ಹುಮ್ಮಸ್ಸು ಜಾಸ್ತಿ. 200 ಲೀಟರ್ ಡ್ರಮ್ಮಿನ ಜೀವಾಮೃತವನ್ನ ಬಕೆಟ್‌ನಲ್ಲಿ ಹೊತ್ತು ಗಿಡಗಿಡಕ್ಕೂ ಹಾಕ್ತಿದ್ದೆ. 16 ಲೀಟರ್ ಪಂಪ್ ಬೆನ್ನಿಗೇರಿಸಿ ಬೇವಿನ ಕಷಾಯ ಹೊಡೀತಿದ್ದೆ. ನೀರೇ 16 ಕೆ.ಜಿ., ಪಂಪಿನ ಭಾರ ಬೇರೆ. ರಾತ್ರಿ ಕರೆಂಟ್ ಬಂದ್ರೆ ಸವೆದ ಹವಾಯಿ ಚಪ್ಪಲಿಯಲ್ಲೇ ಬದುವಿನ ಮೇಲೆ ಓಟ. ಎಂಟನೇ ತಿಂಗಳಿಗೆ ಎಡಗಾಲು ಹಿಡ್ಕೊಳ್ತು.

'ಏನ್ಲಾ, ಮುಳ್ಳು ಚುಚ್ತಾ?' ಅಂದ್ರು ಅಪ್ಪ. ಮುಳ್ಳಲ್ಲ. ಅವ್ವ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರಿಸಿದಳು. ಶಾಖ ಹಿತವಾಗಿತ್ತು ನಿಜ, ಆದ್ರೆ ಮಾರನೇ ದಿನ ಅದೇ ಕಥೆ. (ಸಕ್ಕರೆ ಕಾಯಿಲೆ ಇರೋರು ಈ ಇಟ್ಟಿಗೆ ವೈದ್ಯ ಮಾಡ್ಲೇಬೇಡಿ. ಕಾಲಿಗೆ ಸ್ಪರ್ಶ ಕಮ್ಮಿ ಇರುತ್ತೆ, ಸುಟ್ಟಿದ್ದೇ ಗೊತ್ತಾಗಲ್ಲ.) ಒಂದು ಕಡೆ ಎಕ್ಸ್‌ರೇ ತೆಗೆದು 'ಮೂಳೆ ಬೆಳೆದಿದೆ' ಅಂತ ಹೆದರಿಸಿದ್ರು. ಇಂಜೆಕ್ಷನ್ ಕೊಟ್ರು. ಒಂದು ತಿಂಗಳು ಸ್ವರ್ಗ. ಆಮೇಲೆ ಮೊದಲಿಗಿಂತ ಜೋರು.

ವರ್ಷ ಕಳೆಯೋ ಹೊತ್ತಿಗೆ ಬದನೆ ಪಾತಿಯಲ್ಲಿ ಕಳೆ ಮೊಣಕಾಲೆತ್ತರ. ಬಾಳೆಗೊನೆ ಹೊರೋಕೂ ಆಳು. ತೋಟ ಗುತ್ತಿಗೆಗೆ ಕೊಟ್ಟು ವಾಪಸ್ ಬೆಂಗಳೂರಿಗೆ ಹೋಗೋಣ ಅಂತ ಹೆಂಡತಿ ಹತ್ರ ಹೇಳಿಯೂ ಆಗಿತ್ತು. ಅವಳೇ ಒತ್ತಾಯ ಮಾಡಿ ತುಮಕೂರಿನ ಫಿಸಿಯೋಥೆರಪಿಯವರ ಹತ್ರ ಕರ್ಕೊಂಡು ಹೋದಳು.

ಅವರು ಹೇಳಿದ್ದು ಸರಳ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿನ ಹೆದೆ ಇದ್ದಂಗೆ ಅದು ಪಾದದ ಕಮಾನನ್ನ ಹಿಡಿದಿಡುತ್ತೆ. ಅಭ್ಯಾಸ ಇಲ್ಲದ ಭಾರ ದಿಢೀರ್ ಅಂತ ಬಿದ್ರೆ ಹಿಮ್ಮಡಿ ಹತ್ರ ಅದು ಹದಗೆಡುತ್ತೆ. ಡಾಕ್ಟ್ರು ಇದನ್ನ ಪ್ಲಾಂಟರ್ ಫ್ಯಾಸೈಟಿಸ್ ಅಂತಾರೆ. ಎಕ್ಸ್‌ರೇಯಲ್ಲಿ ಕಾಣೋ ಮೂಳೆ ಮುಳ್ಳು ನೋವೇ ಇಲ್ಲದ ಎಷ್ಟೋ ಜನರಿಗೂ ಇರುತ್ತೆ, ಅದಕ್ಕೆ ಹೆದರಬೇಕಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು, ಆದ್ರೆ ಮತ್ತೆ ಮತ್ತೆ ತಗೊಂಡ್ರೆ ಆ ಪಟ್ಟಿ ಹರಿಯೋ, ಹಿಮ್ಮಡಿಯ ಮೆತ್ತೆ ಸವೆಯೋ ಅಪಾಯ ಇದೆ.

'ನಮ್ಮಪ್ಪ ಜೀವಮಾನವೆಲ್ಲ ಬರಿಗಾಲಲ್ಲಿ ಉತ್ತಿದ್ದಾರೆ, ಅವರಿಗ್ಯಾಕೆ ಬರಲಿಲ್ಲ?' ಅಂತ ಕೇಳಿದೆ. 'ನಿಮ್ಮಪ್ಪ ಆರು ವರ್ಷ ಕುರ್ಚಿಯಲ್ಲಿ ಕೂತಿರಲಿಲ್ಲವಲ್ಲ' ಅಂದ್ರು. ಓದಿದವನಿಗೆ ಇದು ಹೊಳೀಬೇಕಿತ್ತು. ನೆರಳು ಪರದೆ ಕೆಳಗಿನ ಸಸಿಯನ್ನ ನೇರ ಬಿಸಿಲಿಗೆ ನೆಟ್ರೆ ಏನಾಗುತ್ತೋ ನನ್ನ ಕಾಲಿಗೂ ಅದೇ ಆಗಿತ್ತು. ಹಾಗಂತ ಸಸಿಯನ್ನ ನೆರಳಲ್ಲೇ ಇಟ್ಕೊಂಡ್ರೂ ಅದು ಗಟ್ಟಿಯಾಗಲ್ಲ. ನಾನು ಎರಡು ತಿಂಗಳು ಮಂಚ ಹಿಡಿದು ನೋಡಿದ್ದೆ, ಎದ್ದ ದಿನವೇ ನೋವು ಹಾಜರ್.

ಮಾಡಿದ್ದೇನು ಅಂದ್ರೆ, ಹಾಸಿಗೆಯಿಂದ ಇಳಿಯೋ ಮುಂಚೆ ನೋಯೋ ಪಾದವನ್ನ ಇನ್ನೊಂದು ತೊಡೆ ಮೇಲೆ ಇಟ್ಕೊಂಡು, ಬೆರಳುಗಳನ್ನ ಕೈಯಿಂದ ಹಿಂದಕ್ಕೆ ಎಳೆದು 10 ಸೆಕೆಂಡ್ ಹಿಡಿಯೋದು. ಅಂಗಾಲಲ್ಲಿ ಹಗ್ಗದಂಥ ಬಿಗಿ ಸಿಗಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯೋದೂ ಇತ್ತು.

ನನ್ನ ಕಾಲು ತಿರುಗಿಸಿದ್ದು ಮಾತ್ರ ಮೆಟ್ಟಿಲ ಮೇಲಿನ ವ್ಯಾಯಾಮ. ಟವೆಲ್ ಸುತ್ತಿ ಮೆಟ್ಟಿಲಂಚಲ್ಲಿ ಇಟ್ಟು, ಬೆರಳುಗಳನ್ನ ಅದರ ಮೇಲೆ ಊರಿ, ಹಿಮ್ಮಡಿ ಹೊರಗೆ ಬಿಟ್ಟು ಒಂಟಿಕಾಲಲ್ಲಿ ನಿಲ್ಲಬೇಕು. 3 ಸೆಕೆಂಡಲ್ಲಿ ಹಿಮ್ಮಡಿ ಮೇಲೆತ್ತಿ, 2 ಸೆಕೆಂಡ್ ನಿಲ್ಲಿಸಿ, 3 ಸೆಕೆಂಡಲ್ಲಿ ಇಳಿಸೋದು. 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭ ಆದಾಗ ಬೆನ್ನಿಗೆ ಬ್ಯಾಗು ಹಾಕಿ ತೂಕ ಏರಿಸಬೇಕು. ನಾನು ರಾಗಿ ತುಂಬ್ಕೊಂಡೆ, ಮೊದಲು ಎರಡು ಕೆ.ಜಿ., ಆಮೇಲೆ ಐದು. ಡೆನ್ಮಾರ್ಕ್‌ನ ಸಂಶೋಧಕರು 48 ಜನರ ಮೇಲೆ ಇದನ್ನ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ರು. ಮೂರು ತಿಂಗಳಿಗೆ, ಬರೀ ಎಳೆಯೋ ವ್ಯಾಯಾಮ ಮಾಡಿದವರಿಗಿಂತ ಇವರು ಚೇತರಿಸಿದ್ರು. ವರ್ಷ ಕಳೆದಾಗ ಎರಡೂ ಗುಂಪು ಸುಮಾರು ಸಮ. ಅಂದ್ರೆ ಇದು ಮಂತ್ರ ಅಲ್ಲ, ಬೇಗ ತೋಟಕ್ಕೆ ಇಳಿಸುತ್ತೆ ಅಷ್ಟೇ.

ಮೊದಲ ಎರಡು ವಾರ ನೋವು ಜಾಸ್ತಿನೇ ಆಯ್ತು. ನಾನೊಂದು ಲೆಕ್ಕ ಇಟ್ಕೊಂಡೆ. ಬೆಳಗಿನ ಮೊದಲ ಹೆಜ್ಜೆಯ ನೋವಿಗೆ ಹತ್ತಕ್ಕೆ ಎಷ್ಟು ಅಂತ ಮೊಬೈಲಲ್ಲಿ ಬರೆಯೋದು, ಪಕ್ಕದಲ್ಲಿ ಹಿಂದಿನ ದಿನ ನಡೆದ ಹೆಜ್ಜೆ ಸಂಖ್ಯೆ. ಅಂಕ ಏರಿದ್ರೆ ಆವತ್ತು ಕೆಲಸ ಕಮ್ಮಿ. ಎರಡನೇ ತಿಂಗಳು 'ವಾಸಿಯಾಯ್ತು' ಅಂತ ಒಂದೇ ದಿನ 18,000 ಹೆಜ್ಜೆ ಓಡಾಡಿ, ಒಂದು ವಾರ ಕುಂಟಿದೆ. ನೀವು ಈ ತಪ್ಪು ಮಾಡ್ಬೇಡಿ.

ತೋಟವನ್ನೂ ಬದಲಿಸಿದೆ. ಜೀವಾಮೃತವನ್ನ ಬಟ್ಟೆಯಲ್ಲಿ ಸೋಸಿ ಡ್ರಿಪ್‌ಗೆ ಬಿಟ್ಟೆ. ವಾಲ್ವ್‌ಗಳನ್ನೆಲ್ಲ ಪಂಪ್‌ಸೆಟ್ ಹತ್ರಾನೇ ತಂದೆ. ತರಕಾರಿ ವಿಂಗಡಿಸುವಾಗ ಸಿಮೆಂಟ್ ನೆಲದ ಮೇಲೆ ನಾಲ್ಕು ಮಡಿಕೆ ಗೋಣಿಚೀಲ ಹಾಕಿ ನಿಲ್ತೀನಿ. ಹವಾಯಿ ಬಿಟ್ಟು, ದಪ್ಪ ಹಿಮ್ಮಡಿಯ, ನಡುವೆ ಬಗ್ಗಿಸಿದ್ರೂ ಬಗ್ಗದ ಚಪ್ಪಲಿ ತಗೊಂಡೆ. ಗಮ್ ಬೂಟು ಹಾಕೋರು ಒಳಗೆ ಮೆತ್ತನೆ ಇನ್‌ಸೋಲ್ ಹಾಕಿ.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ಜೋಮು, ಊತ, ಜ್ವರ, ಗಾಯ, ರಾತ್ರಿ ಮಲಗಿದಾಗಲೂ ನೋವು ಇದ್ರೆ, ಅಥವಾ ಎರಡೂ ಹಿಮ್ಮಡಿ ಜೊತೆ ಬೆಳಗ್ಗೆ ಸೊಂಟ ಬಿಗಿಯಾಗ್ತಿದ್ರೆ ವ್ಯಾಯಾಮ ಶುರು ಮಾಡದೆ ಮೊದಲು ಡಾಕ್ಟ್ರನ್ನ ಕಾಣಿ. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗೋದು ಬೇಡ, ಕಿಡ್ನಿಗೆ ಕೆಟ್ಟದ್ದು.

ಆರನೇ ತಿಂಗಳಿಗೆ ಪಂಪು ಬೆನ್ನಿಗೇರಿತು, ಅರ್ಧ ತುಂಬಿಸಿ. ಹೋದ ಶ್ರಾವಣದಲ್ಲಿ ಅಪ್ಪನ ಜೊತೆ ನಮ್ಮ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತಿ, ಗುಹೆಯ ಸಿದ್ಧೇಶ್ವರನ ದರ್ಶನ ಮಾಡಿ ಇಳಿದು ಬಂದೆ. ಮಾರನೇ ಬೆಳಗಿನ ಮೊದಲ ಹೆಜ್ಜೆಗೆ ಮೊಬೈಲಲ್ಲಿ ಬರೆದದ್ದು ಹತ್ತಕ್ಕೆ ಒಂದು. ಆವತ್ತು ಸಿದ್ಧರಬೆಟ್ಟದ ಮೆಟ್ಟಿಲಲ್ಲಿ ಎರಡು ಸಲ ಕೂತು ಸುಧಾರಿಸ್ಕೊಂಡಿದ್ದು ನಾನು, ಅಪ್ಪ ಅಲ್ಲ.

ಜೀವಾಮೃತ ಸೋಸಿ ಡ್ರಿಪ್‌ಗೆ ಬಿಡೋ ವ್ಯವಸ್ಥೆ ಹೇಗೆ ಮಾಡಿದೆ ಅನ್ನೋದನ್ನ ಮುಂದಿನ ವಾರ ಫೋಟೋ ಸಮೇತ ಹಾಕ್ತೀನಿ.